ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಹಿಂದೆ ವೈರ್ ಎಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ನಮ್ಮನ್ನು ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾ, ಹೊಸ ಸ್ಟೀರಿಯೋ, ಫಾಗ್ ಲೈಟ್ ಬಗ್ಗೆ ದಿನಾ ಯಾರಾದರೂ ಕೇಳುತ್ತಲೇ ಇರುತ್ತಾರೆ. ಗದಗ, ಹಾವೇರಿ ಕಡೆಯಿಂದಲೂ ಫೋನ್ ಬರುತ್ತದೆ. ಕೇಳಿದ್ದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇವೆ. ಮನೆಯಲ್ಲೇ ಕೈ ಹಾಕುವವರಿಗೂ ಇದು ಬೇಕು, ಮಿಸ್ತ್ರಿಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು.

ವೈರ್ ಎಳೆಯೋಕೆ ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಾ?

ಬಹಳಷ್ಟು ಕೆಲಸಕ್ಕೆ ಬೇಡವೇ ಬೇಡ. ಗ್ಲೋವ್‌ಬಾಕ್ಸ್, ಸ್ಟೀರಿಯೋ ಸುತ್ತಲಿನ ಫ್ರೇಮ್, ಸ್ಟೀರಿಂಗ್ ಕೆಳಗಿನ ಪ್ಯಾನಲ್, ಬಾಗಿಲ ಕೆಳಗಿನ ಪಟ್ಟಿ. ಇಷ್ಟು ಬಂದರೆ ಡ್ಯಾಶ್ ಹಿಂದೆ ಈ ಕಡೆಯಿಂದ ಆ ಕಡೆಗೆ ವೈರ್ ಹೋಗುತ್ತದೆ.

ಪೂರ್ತಿ ಡ್ಯಾಶ್ ಇಳಿಸುವುದು ಬೇರೆಯೇ ಕೆಲಸ. ಸ್ಟೀರಿಂಗ್, ಏರ್‌ಬ್ಯಾಗ್, ಮೀಟರ್, ಎಸಿ ಕಂಟ್ರೋಲ್ ಎಲ್ಲ ಬರಬೇಕು. ಆಮೇಲೆ ಒಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಕೂತಿರುವ ಬೋಲ್ಟುಗಳು. ಕೈ ಪಳಗಿದ ಮಿಸ್ತ್ರಿಗೂ ಒಂದು ದಿನ ಹೋಗುತ್ತದೆ. ಎಸಿ ಕೂಲಿಂಗ್ ಕಾಯಿಲ್ ಸೋರಿದಾಗ, ಒಳಗಿನ ಮುಖ್ಯ ವೈರಿಂಗ್ ಸುಟ್ಟಾಗ ಅಥವಾ ಇಲಿ ಕಡಿದು ಹಾಳಾದಾಗ ಮಾತ್ರ ಅಷ್ಟು ದೂರ ಹೋಗಬೇಕಾಗಬಹುದು. ಒಂದು ಕ್ಯಾಮೆರಾ ವೈರ್‌ಗಾಗಿ ಯಾರಾದರೂ ಪೂರ್ತಿ ಇಳಿಸುತ್ತೇವೆ ಅಂದರೆ, ಯಾಕೆ ಅಂತ ಕೇಳಿ.

ಏನು ಬಿಚ್ಚಬೇಕು ಅನ್ನುವುದಕ್ಕಿಂತ ಮೊದಲು ವೈರ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಅಂತ ಒಂದು ಕಾಗದದ ಮೇಲೆ ಗೀಟು ಎಳೆದುಕೊಳ್ಳಿ. ಆ ದಾರಿಯಲ್ಲಿ ಬರುವ ಪ್ಯಾನಲ್ ಮಾತ್ರ ಬಿಚ್ಚಿ. ಮುಟ್ಟದ ಕ್ಲಿಪ್ ಮುರಿಯುವುದಿಲ್ಲ, ಅಲ್ವಾ?

ಯಾವ ಹತ್ಯಾರ ಬೇಕು?

ಪ್ಲಾಸ್ಟಿಕ್ ಮೀಟುಗೋಲುಗಳ ಒಂದು ಸೆಟ್, ಉದ್ದ ಮತ್ತು ಗಿಡ್ಡ ಸ್ಟಾರ್ ಸ್ಕ್ರೂ ಡ್ರೈವರ್, 8 ಮತ್ತು 10 ಎಂಎಂ ಸಾಕೆಟ್ ಪಾನಾ, ಮಲ್ಟಿಮೀಟರ್, ತಲೆಗೆ ಕಟ್ಟುವ ಟಾರ್ಚ್. ಕಬ್ಬಿಣದ ಚಪ್ಪಟೆ ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ. ಪ್ಯಾನಲ್ ಬರುತ್ತದೆ, ಆದರೆ ಅಂಚಿನಲ್ಲಿ ಬಿದ್ದ ಗಾಯ ಕಾರು ಮಾರುವವರೆಗೂ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಮಾತು: ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಈಗಿನ ಕಾರುಗಳಲ್ಲಿ ಕಂಡಕಂಡ ವೈರ್‌ಗೆ ಚುಚ್ಚಬೇಡಿ. ಆ ಬಲ್ಬ್ ಎಳೆಯುವ ಕರೆಂಟ್ ಕಂಪ್ಯೂಟರ್ ಸರ್ಕಿಟ್‌ಗೆ ಜಾಸ್ತಿ ಆಗಬಹುದು. ಏರ್‌ಬ್ಯಾಗ್ ವೈರ್‌ಗಂತೂ ಮುಟ್ಟಿಸಲೇಬಾರದು. ಮಲ್ಟಿಮೀಟರ್ ದುಬಾರಿ ಏನಲ್ಲ.

ಏರ್‌ಬ್ಯಾಗ್ ಬಗ್ಗೆ ಅಷ್ಟು ಹೆದರಬೇಕಾ?

ಹೆದರಬೇಕಿಲ್ಲ, ಆದರೆ ಆ ಕೆಲಸಕ್ಕೆ ಅವಸರ ಮಾಡುವ ಹಾಗಿಲ್ಲ. ನಮ್ಮ ದೇಶದಲ್ಲಿ 2019 ಜುಲೈ 1ರಿಂದ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನ ಏರ್‌ಬ್ಯಾಗ್ ಹೊಸ ಮಾಡೆಲ್‌ಗಳಿಗೆ 2021 ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2021 ಡಿಸೆಂಬರ್ 31ರಿಂದ ಬಂತು. ಅಂದರೆ 2022ರಿಂದ ಈಚೆಗೆ ತಯಾರಾದ ಕಾರು ನಿಮ್ಮದಾದರೆ ಗ್ಲೋವ್‌ಬಾಕ್ಸ್ ಮೇಲ್ಗಡೆ, ಡ್ಯಾಶ್ ಒಳಗೆ ಒಂದು ಏರ್‌ಬ್ಯಾಗ್ ಕೂತಿದೆ. ನೀವು ಕೈ ಹಾಕುವುದೂ ಅದೇ ಜಾಗಕ್ಕೆ.

ಕ್ರಮ ಹೀಗಿದೆ. ಕೀ ಆಫ್ ಮಾಡಿ ತೆಗೆಯಿರಿ. ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ತಾನಾಗಿ ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಆಮೇಲೆ ಕಾಯಿರಿ. ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಪೆಟ್ಟಿಗೆಯ ಒಳಗಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಎಷ್ಟು ಹೊತ್ತು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ನಾವು 10 ನಿಮಿಷ ಬಿಡುತ್ತೇವೆ. ಚಹಾ ಕುಡಿದು ಬಂದರೆ ಆಯಿತು.

ಹಳದಿ ಕನೆಕ್ಟರ್, ಹಳದಿ ಸ್ಲೀವ್ ಕಂಡರೆ ಅದು ಏರ್‌ಬ್ಯಾಗ್ ಲೈನ್ ಅಂತ ತಿಳಿದುಕೊಳ್ಳಿ. ಅದಕ್ಕೆ ಹೊಸ ವೈರ್ ಕಟ್ಟಬಾರದು, ಅದರಿಂದ ಕರೆಂಟ್ ತೆಗೆಯಬಾರದು. ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿಟ್ಟು ಕೀ ಆನ್ ಮಾಡಬಾರದು. ಮಾಡಿದರೆ ಮೀಟರ್‌ನಲ್ಲಿ ದೀಪ ಹತ್ತಿ ಹಾಗೇ ಉಳಿಯಬಹುದು. ಅದನ್ನು ಅಳಿಸಲು ಕಾರಿನ ಕಂಪ್ಯೂಟರ್‌ಗೆ ಹಚ್ಚುವ ಸ್ಕ್ಯಾನರ್ ಬೇಕು. ಸ್ಟೀರಿಂಗ್ ಚಕ್ರ ತೆಗೆಯುವ ಕೆಲಸ ಬಂದರೆ ಮನೆಯಲ್ಲಿ ಮಾಡಬೇಡಿ, ತಿಳಿದವರಿಗೆ ಬಿಡಿ.

ಬ್ಯಾಟರಿ ತೆಗೆದರೆ ಸೆಟ್ಟಿಂಗ್ ಹೋಗುತ್ತಾ?

ಗಡಿಯಾರ, ರೇಡಿಯೋ ಸ್ಟೇಷನ್ ಹೋಗುತ್ತವೆ. ಕೆಲವು ಕಾರುಗಳಲ್ಲಿ ಕಿಟಕಿಯ ಆಟೋ ಬಟನ್ ಮತ್ತೆ ಕಲಿಸಬೇಕು. ಹಳೆಯ ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಬೇರೇನೂ ಆಗುವುದಿಲ್ಲ.

ಗ್ಲೋವ್‌ಬಾಕ್ಸ್ ಹೇಗೆ ಬರುತ್ತದೆ?

ಬಹಳಷ್ಟು ಸಣ್ಣ ಕಾರುಗಳಲ್ಲಿ ಸ್ಕ್ರೂ ಕೂಡ ಇರುವುದಿಲ್ಲ. ಒಳಗಿನ ಸಾಮಾನು ತೆಗೆದು, ಮುಚ್ಚಳ ಪೂರ್ತಿ ತೆರೆಯಿರಿ. ಡಬ್ಬಿಯ ಎಡ-ಬಲ ಗೋಡೆಗಳ ಹಿಂದಿನ ತುದಿಯಲ್ಲಿ ಒಂದೊಂದು ಉಬ್ಬು ಇರುತ್ತದೆ. ಡಬ್ಬಿ ಪೂರ್ತಿ ಕೆಳಗೆ ಬೀಳದಂತೆ ತಡೆಯುವುದು ಅವೇ. ಎರಡೂ ಗೋಡೆಗಳನ್ನು ಅಂಗೈಯಿಂದ ಒಳಗೆ ಒತ್ತಿ ನಿಮ್ಮ ಕಡೆ ಎಳೆದರೆ ಉಬ್ಬು ದಾಟಿ ಡಬ್ಬಿ ಕೆಳಗೆ ಜೋತು ಬೀಳುತ್ತದೆ. ಕೆಳಗಿನ ಹಿಂಜ್‌ನಿಂದ ಎಳೆದರೆ ಕೈಗೆ ಬರುತ್ತದೆ. ಪಕ್ಕದಲ್ಲಿ ಸಣ್ಣ ದಾರ ಅಥವಾ ಕಡ್ಡಿ ಕಟ್ಟಿದ್ದರೆ ಮೊದಲು ಅದನ್ನು ಜಾರಿಸಿ ಬಿಡಿಸಿ, ಮರೆತು ಎಳೆದರೆ ಅದೇ ಮುರಿಯುತ್ತದೆ.

ಹಿಂದೆ ಕಪ್ಪು ಪೆಟ್ಟಿಗೆ ಕಾಣುತ್ತದೆ, ಅದು ಬ್ಲೋವರ್. ಹಲವು ಕಾರುಗಳಲ್ಲಿ ಎಸಿ ಫಿಲ್ಟರ್ ಕೂಡ ಅಲ್ಲೇ. ನವಲಗುಂದ, ನರಗುಂದ, ರೋಣ ಕಡೆ ಓಡಾಡುವ ಕಾರಾದರೆ ಎರೆ ಮಣ್ಣಿನ ಧೂಳು ಫಿಲ್ಟರ್ ಮಡಿಕೆಗಳಲ್ಲಿ ಬೂದಿಯಂತೆ ಕೂತಿರುತ್ತದೆ. ಹೇಗೂ ಬಿಚ್ಚಿದ್ದೀರಿ, ಅದನ್ನೂ ಬದಲಿಸಿಬಿಡಿ. ಕನೆಕ್ಟರ್ ಮೇಲಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಬಟ್ಟೆ ಹಾಕಬೇಡಿ.

ಎಷ್ಟು ಎಳೆದರೂ ಪ್ಯಾನಲ್ ಬರ್ತಾ ಇಲ್ಲ, ಏನು ಮಾಡಲಿ?

ನಿಲ್ಲಿಸಿ. ಎಲ್ಲೋ ಒಂದು ಸ್ಕ್ರೂ ಉಳಿದಿದೆ. ಚಿಕ್ಕ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಬೂದಿ ತಟ್ಟೆಯ ಹಿಂದೆ, ಎಸಿ ಗುಂಡಿಯ ಒಳಗೆ, ರಬ್ಬರ್ ಮ್ಯಾಟ್ ಅಡಿಯಲ್ಲಿ ಹುಡುಕಿ. ಕ್ಲಿಪ್ ಮಾತ್ರ ಹಿಡಿದಿರುವ ಪ್ಯಾನಲ್ ಒಂದೊಂದು ಮೂಲೆಯಲ್ಲಿ ಟಕ್ ಟಕ್ ಅಂತ ಬಿಡುತ್ತಾ ಬರುತ್ತದೆ. ಸ್ಕ್ರೂ ಇರುವ ಪ್ಯಾನಲ್ ಒಂದು ಜಾಗದಲ್ಲಿ ಗಟ್ಟಿಯಾಗಿ ನಿಂತು ಬೇರೆ ಕಡೆ ಬಾಗುತ್ತದೆ. ಆ ಬಾಗು ಕಂಡರೆ ಕೈ ತೆಗೆಯಿರಿ.

ಬಂದ ಮೇಲೂ ಥಟ್ಟನೆ ಎಳೆಯಬೇಡಿ. ಹಿಂದೆ ಹಜಾರ್ಡ್ ಸ್ವಿಚ್‌ದೋ ಯುಎಸ್‌ಬಿದೋ ವೈರ್ ಇರುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಕ್ಲಿಪ್ ಬೇಗ ಮುರಿಯುತ್ತದೆ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಶುರು ಮಾಡಿ.

ಸ್ಕ್ರೂ ಕಲಸಿಹೋಗದಂತೆ ಏನು ಮಾಡುವುದು?

ಪ್ರತಿ ಪ್ಯಾನಲ್‌ನ ಸ್ಕ್ರೂಗಳನ್ನು ಅದೇ ಪ್ಯಾನಲ್ ಹಿಂದೆ ಟೇಪ್ ಹಚ್ಚಿ ಅಂಟಿಸಿ. ಬಿಚ್ಚುವ ಮೊದಲು ಒಂದು ಫೋಟೋ, ಬಿಚ್ಚಿದ ಮೇಲೆ ಒಂದು ಫೋಟೋ. ಉದ್ದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಹಿಂದಿನ ವೈರನ್ನೇ ಚುಚ್ಚಬಹುದು, ಅದಕ್ಕೇ ಇಷ್ಟು ಹೇಳುವುದು.

ಯಾವ ವೈರ್ ತರಬೇಕು? ಮನೆ ವೈರಿಂಗ್‌ನ ವೈರ್ ನಡೆಯುತ್ತಾ?

ನಡೆಯುವುದಿಲ್ಲ. ಮನೆಗೆ ಹಾಕುವ ಸಾಮಾನ್ಯ ಪಿವಿಸಿ ವೈರ್‌ನ ಹೊದಿಕೆ 70 ಡಿಗ್ರಿ ತಾಪಕ್ಕೆ ಮಾಡಿದ್ದು. ಏಪ್ರಿಲ್-ಮೇ ಬಿಸಿಲಲ್ಲಿ ಗದಗಿನ ಬಸ್ ಸ್ಟ್ಯಾಂಡ್ ಮುಂದೆ ಮಧ್ಯಾಹ್ನ ನಿಂತ ಕಾರಿನ ಡ್ಯಾಶ್ ಮೇಲೆ ಕೈ ಇಟ್ಟು ನೋಡಿ, ಅಲ್ಲೇ ಗೊತ್ತಾಗುತ್ತದೆ. ಇಂಜಿನ್ ಪಕ್ಕದ ಬಿಸಿ ಇನ್ನೂ ಜಾಸ್ತಿ. ಅಂಗಡಿಯಲ್ಲಿ ಆಟೋ ವೈರ್ ಅಂತಲೇ ಕೇಳಿ. 85 ಅಥವಾ 105 ಡಿಗ್ರಿ ತಡೆಯುವುದು ಸಿಗುತ್ತದೆ. ಒಳಗೆ ಸಣ್ಣ ಸಣ್ಣ ಎಳೆ ಜಾಸ್ತಿ ಇರಬೇಕು. ಒಂದೇ ದಪ್ಪ ತಂತಿ ಇರುವುದು ಕಾರಿನ ಅದುರಾಟಕ್ಕೆ ತುಂಡಾಗುತ್ತದೆ.

ದಪ್ಪ ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ, ಅಂದಾಜಿನ ಮೇಲೆ ಬಿಡಬೇಡಿ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟ್‌ನ ಎರಡು ಫಾಗ್ ಲೈಟ್ ಅಂದರೆ 110 ವ್ಯಾಟ್. 12ರಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. ಇಷ್ಟು ಕರೆಂಟ್ 5 ಮೀಟರ್ ಉದ್ದದ 1.5 ಸ್ಕ್ವೇರ್ ಎಂಎಂ ವೈರ್‌ನಲ್ಲಿ ಹೋದರೆ ಸುಮಾರು ಅರ್ಧ ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 2.5 ಹಾಕಿದರೆ ಮೂರನೇ ಒಂದು ವೋಲ್ಟ್. ಹಾಗಾಗಿ ಫಾಗ್ ಲೈಟ್‌ಗೆ 2.5, ಜೊತೆಗೆ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), 15 ಆಂಪಿಯರ್ ಫ್ಯೂಸ್. ಡ್ಯಾಶ್‌ಕ್ಯಾಮ್ ಎಳೆಯುವುದು ಒಂದು ಆಂಪಿಯರ್‌ಗಿಂತ ಕಮ್ಮಿ. ಅದಕ್ಕೆ 0.5 ಸ್ಕ್ವೇರ್ ಎಂಎಂ ಸಾಕು.

ರಿಲೇಯ ನಾಲ್ಕು ಕಾಲಿನ ಮೇಲೆ ನಂಬರ್ ಬರೆದಿರುತ್ತದೆ. 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಲೈಟ್. 85, 86 ಒಳಗಿನ ಸುರುಳಿಯವು: ಒಂದು ಸ್ವಿಚ್‌ಗೆ, ಇನ್ನೊಂದು ಅರ್ಥಿಂಗ್‌ಗೆ. ಹೀಗೆ ಮಾಡಿದರೆ ಡ್ಯಾಶ್ ಒಳಗಿನ ಸ್ವಿಚ್‌ನಲ್ಲಿ ಸಣ್ಣ ಕರೆಂಟ್ ಮಾತ್ರ ಓಡಾಡುತ್ತದೆ. ದೊಡ್ಡ ಕರೆಂಟ್ ಬಾನೆಟ್ ಕೆಳಗೇ ಉಳಿಯುತ್ತದೆ.

ಕರೆಂಟ್ ಎಲ್ಲಿಂದ ತೆಗೆದುಕೊಳ್ಳಬೇಕು? ಸ್ಟೀರಿಯೋ ವೈರ್ ಸುಲಿದು ಕಟ್ಟಿದರೆ ಆಗಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಆ ವೈರ್ ಸ್ಟೀರಿಯೋಗೆ ಎಷ್ಟು ಬೇಕೋ ಅಷ್ಟೇ ದಪ್ಪ ಇರುತ್ತದೆ. ಕಂಪನಿಯ ವೈರ್ ಸುಲಿದ ಜಾಗದಲ್ಲಿ ಮುಂದೆ ತೊಂದರೆ ಬಂದರೆ ಹುಡುಕುವುದೂ ಕಷ್ಟ.

ಸಣ್ಣ ಸಾಮಾನಿಗೆ ಫ್ಯೂಸ್ ಟ್ಯಾಪ್ ಒಳ್ಳೆಯದು. ಅದು ಹಳೆಯ ಫ್ಯೂಸ್‌ನ ಜಾಗದಲ್ಲೇ ಕೂತು, ಹಳೆಯ ಫ್ಯೂಸ್ ಜೊತೆಗೆ ಹೊಸ ಸಾಮಾನಿಗೂ ಒಂದು ಫ್ಯೂಸ್ ಕೊಡುವ ತುಂಡು. ನಮ್ಮ ಬಹಳಷ್ಟು ಕಾರುಗಳಲ್ಲಿ ಫ್ಯೂಸ್ ಡಬ್ಬಿ ಡ್ರೈವರ್‌ನ ಬಲ ಮೊಣಕಾಲಿನ ಹತ್ತಿರ ಇರುತ್ತದೆ. ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಜಾಗ ಆರಿಸಿ: ಸಿಗರೇಟ್ ಲೈಟರ್ ಸಾಕೆಟ್, ವೈಪರ್, ಇಂಥವು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಇಂಜಿನ್ ಕಂಪ್ಯೂಟರ್ ಫ್ಯೂಸ್‌ಗಳಿಂದ ತೆಗೆಯಬೇಡಿ.

ಟ್ಯಾಪ್‌ಗೆ ದಿಕ್ಕು ಇದೆ. ಹಳೆಯ ಫ್ಯೂಸ್ ಕಿತ್ತು, ಎರಡು ತೂತುಗಳಲ್ಲಿ ಯಾವುದರಲ್ಲಿ 12 ವೋಲ್ಟ್ ಬರುತ್ತದೆ ಅಂತ ಮೀಟರ್ ಹಿಡಿದು ನೋಡಿ. ಈ ಅಳತೆಗಷ್ಟೇ ಬ್ಯಾಟರಿ ಬೇಕು. ಹಾಗಾಗಿ ಪ್ಯಾನಲ್‌ಗೆ ಕೈ ಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಟ್ಯಾಪ್‌ನ ಎರಡೂ ಫ್ಯೂಸ್‌ಗೆ ಸೇರಿರುವ ಕಾಲು ಆ ತೂತಿಗೆ ಹೋಗಬೇಕು. ಉಲ್ಟಾ ಹಾಕಿದರೂ ಕೆಲಸ ಮಾಡುತ್ತದೆ. ಆದರೆ ಹೊಸ ಸಾಮಾನಿನ ಕರೆಂಟ್ ಕೂಡ ಹಳೆಯ ಫ್ಯೂಸ್ ಮೂಲಕವೇ ಹೋಗುತ್ತದೆ.

ಫ್ಯೂಸ್‌ನ ಬಣ್ಣ ನೆನಪಿಡಿ. ತೆಳು ಕಂದು 5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಡ್ಯಾಶ್‌ಕ್ಯಾಮ್‌ಗೆ 2 ಅಥವಾ 3 ಆಂಪಿಯರ್ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ ದೊಡ್ಡದು ಹಾಕಬೇಡಿ. ಆಗ ಫ್ಯೂಸ್ ಬದಲು ವೈರ್ ಸುಡುತ್ತದೆ, ಅದೂ ಡ್ಯಾಶ್ ಹಿಂದೆ, ಕೈಗೆ ಸಿಗದ ಜಾಗದಲ್ಲಿ. ಬ್ಯಾಟರಿಯಿಂದ ನೇರ ವೈರ್ ತಂದರೆ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಒಂದೂವರೆ ಅಡಿಯೊಳಗೆ. ಫ್ಯೂಸ್‌ಗಿಂತ ಮುಂಚಿನ ತುಂಡಿಗೆ ಯಾವ ಕಾವಲೂ ಇಲ್ಲ.

ಅರ್ಥಿಂಗ್ ಎಲ್ಲಿ ಕೊಡಬೇಕು?

ಬಾಡಿಯ ಕಬ್ಬಿಣಕ್ಕೆ ಕೂತಿರುವ ಬೋಲ್ಟ್‌ಗೆ. ಪೇಂಟ್ ಕೆರೆದು, ವೈರ್ ತುದಿಗೆ ಒತ್ತಿ ಕೂರಿಸುವ ಉಂಗುರದ ಥಿಂಬಲ್ ಹಾಕಿ ಬಿಗಿ ಮಾಡಿ. ಪ್ಲಾಸ್ಟಿಕ್ ಹಿಡಿದಿರುವ ಸ್ಕ್ರೂಗೆ ಕೊಟ್ಟರೆ ಇವತ್ತು ಬರುತ್ತದೆ, ನಾಳೆ ಕೈ ಕೊಡುತ್ತದೆ. ಏರ್‌ಬ್ಯಾಗ್‌ನ ಅರ್ಥಿಂಗ್ ಬೋಲ್ಟ್ ಮುಟ್ಟಬೇಡಿ.

ವೈರ್ ಹೊಸೆದು ಟೇಪ್ ಸುತ್ತಿದರೆ ಸಾಲದಾ?

ಹಾವೇರಿ ಕಡೆಯಿಂದ ಒಂದು ಕಾರು ಬಂದಿತ್ತು. ಹೊಂಡದಲ್ಲಿ ಇಳಿದಾಗಲೆಲ್ಲ ಸ್ಟೀರಿಯೋ ಆಫ್ ಆಗುತ್ತದೆ ಅನ್ನುವುದು ದೂರು. ಫ್ರೇಮ್ ತೆಗೆದು ಸ್ಟೀರಿಯೋ ಮುಂದೆ ಎಳೆದರೆ ಹಿಂದೆ ಏಳೆಂಟು ಜೋಡಣೆ, ಎಲ್ಲ ಬೆರಳಲ್ಲಿ ಹೊಸೆದದ್ದು. ಕಪ್ಪು ಟೇಪಿನ ಅಂಟು ಬಿಸಿಲಿಗೆ ಕರಗಿ ಜಾರಿತ್ತು, ಮುಟ್ಟಿದರೆ ಬೆರಳಿಗೆ ನೂಲು ನೂಲಾಗಿ ಬರುತ್ತಿತ್ತು. ಒಂದು ಜೋಡಣೆಯ ತಾಮ್ರ ಪೂರ್ತಿ ಬೆತ್ತಲಾಗಿ ಸ್ಟೀರಿಯೋದ ತಗಡಿನ ಚೌಕಟ್ಟಿಗೆ ಒರಗಿತ್ತು. ಅದು ಇಪ್ಪತ್ತು ಆಂಪಿಯರ್ ಫ್ಯೂಸ್‌ನ ಲೈನ್. ತಗಡಿನ ಮೇಲೆ ಸಣ್ಣ ಕಪ್ಪು ಚುಕ್ಕೆ ಆಗಲೇ ಬಿದ್ದಿತ್ತು.

ಆದ್ದರಿಂದ ಹೇಳುವುದು: ಸರಿಯಾದ ಅಳತೆಯ ಥಿಂಬಲ್ ಅಥವಾ ಜಾಯಿಂಟ್ ತುಂಡು ಹಾಕಿ, ಅದಕ್ಕೇ ಇರುವ ಪಕ್ಕಡ್‌ನಿಂದ ಒತ್ತಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿ. ಒತ್ತಿದ ಮೇಲೆ ಎಳೆದು ನೋಡಿ, ಬರಬಾರದು. ಸೋಲ್ಡರಿಂಗ್ ಕೆಟ್ಟದ್ದಲ್ಲ. ಆದರೆ ಸೀಸ ಹರಿದು ಗಟ್ಟಿಯಾದ ತುದಿಯಲ್ಲಿ ವೈರ್ ಅದುರಾಟಕ್ಕೆ ತುಂಡಾಗುತ್ತದೆ. ಮಾಡಿದರೆ ಆ ಜಾಗ ಅಲುಗದಂತೆ ಕಟ್ಟಬೇಕು. ಸ್ಟೀರಿಯೋ ಬದಲಿಸುವವರು ನಿಮ್ಮ ಕಾರಿನ ಸ್ಟೀರಿಯೋ ವೈರ್‌ಗಳ ತುದಿಯ ಪ್ಲಗ್‌ಗೆ, ಅಂದರೆ ಕಪ್ಲರ್‌ಗೆ ನೇರ ಕೂರುವ ರೆಡಿ ಕಪ್ಲರ್ ತನ್ನಿ. ಆಗ ಕತ್ತರಿಸುವ ಪ್ರಶ್ನೆಯೇ ಬರುವುದಿಲ್ಲ.

ಬಾನೆಟ್ ಕಡೆಯಿಂದ ಒಳಗೆ ವೈರ್ ತರುವುದು ಹೇಗೆ?

ಇಂಜಿನ್‌ಗೂ ನಿಮ್ಮ ಕಾಲಿಗೂ ನಡುವೆ ತಗಡಿನ ಗೋಡೆ ಇದೆ. ಕಂಪನಿಯ ವೈರಿಂಗ್ ಹೋಗಲು ಅದರಲ್ಲಿ ದೊಡ್ಡ ರಬ್ಬರ್ ಬುಶ್ ಇರುತ್ತದೆ, ಗ್ಲೋವ್‌ಬಾಕ್ಸ್ ಹಿಂದೆ ಅಥವಾ ಪೆಡಲ್ ಮೇಲ್ಗಡೆ. ಆ ರಬ್ಬರ್‌ನ ಅಂಚಿನಲ್ಲಿ ಸಣ್ಣ ತೂತು ಮಾಡಿ. ಕಂಪನಿ ವೈರ್ ಕಟ್ಟು ಇರುವ ನಡುಭಾಗಕ್ಕೆ ಚುಚ್ಚಬೇಡಿ. ಸೈಕಲ್ ಕಡ್ಡಿಯ ತುದಿ ಉಜ್ಜಿ ದುಂಡು ಮಾಡಿ ತೂರಿಸಿ, ಅದಕ್ಕೆ ಹೊಸ ವೈರ್ ಟೇಪ್ ಮಾಡಿ ಎಳೆದರೆ ಒಳಗೆ ಬರುತ್ತದೆ. ಆಮೇಲೆ ಸಿಲಿಕಾನ್ ಹಚ್ಚಿ ಮುಚ್ಚಿ. ಇಂಜಿನ್ ಕಡೆ ವೈರ್ ತೂತಿಗಿಂತ ಕೆಳಗೆ ಒಂದು ಬಾಗು ತೆಗೆದುಕೊಂಡು ಮೇಲೆ ಬರಬೇಕು, ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಧಾರವಾಡದ ಜುಲೈ ಮಳೆಯಲ್ಲಿ ಇದು ಮಾಡದ ಕಾರಿನ ಮ್ಯಾಟ್ ಒದ್ದೆಯಾಗುತ್ತದೆ.

ತಗಡಿಗೇ ಡ್ರಿಲ್ ಹಾಕಬೇಡಿ. ಆ ಕಡೆ ಬ್ರೇಕ್ ಪೈಪ್, ಎಸಿ ಪೈಪ್ ಇರಬಹುದು. ತೂತಿನ ಅಂಚು ವೈರನ್ನು ನಿಧಾನಕ್ಕೆ ಕೊಯ್ಯುತ್ತದೆ.

ಡ್ಯಾಶ್ ಹಿಂದೆ ವೈರ್ ಎಲ್ಲಿ ಹೋಗಬಾರದು?

ಪೆಡಲ್ ಹತ್ತಿರ, ಸ್ಟೀರಿಂಗ್ ಕಂಬದ ಸುತ್ತ, ಎಸಿ ಬಾಗಿಲು ತಿರುಗಿಸುವ ಲಿವರ್‌ಗಳ ಮೇಲೆ, ಏರ್‌ಬ್ಯಾಗ್ ಮುಂದೆ. ಬ್ರೇಕ್ ಪೆಡಲ್ ಪೂರ್ತಿ ಒತ್ತಿ, ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಟಾರ್ಚ್ ಹಿಡಿದು ನೋಡಿ. ಕಂಪನಿಯ ವೈರ್ ಕಟ್ಟು ಎಲ್ಲಿ ಹೋಗಿದೆಯೋ ಅದರ ಜೊತೆಗೇ ಹೋಗಿ, ಒಂದೊಂದು ಗೇಣಿಗೆ ಟೈ ಹಾಕಿ.

ಡ್ಯಾಶ್‌ಕ್ಯಾಮ್ ವೈರ್ ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿಯುತ್ತದೆ. ಆರು ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಕಂಬದೊಳಗೂ ಪರದೆ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ವೈರ್ ಅದರ ಹಿಂದೆ, ತಗಡಿಗೆ ಅಂಟಿಕೊಂಡು ಹೋಗಬೇಕು. ಅಡ್ಡ ಬಂದರೆ ಅಪಘಾತದ ಹೊತ್ತಿಗೆ ಬ್ಯಾಗ್ ಸರಿಯಾಗಿ ತೆರೆಯದೆ ಹೋಗಬಹುದು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡಾಡುವ ಭಯಕ್ಕೇ ಕ್ಯಾಮೆರಾ ಹಾಕಿಸುವವರು ನೀವು. ಆ ಕ್ಯಾಮೆರಾದ ವೈರ್ ಜೀವಕ್ಕೆ ಅಡ್ಡಿ ಆಗಬಾರದು.

ರಿವರ್ಸ್ ಕ್ಯಾಮೆರಾ ವೈರ್ ಹೇಗೆ ಮುಂದೆ ಬರುತ್ತದೆ?

ಡಿಕ್ಕಿಯ ರಬ್ಬರ್ ಕೊಳವೆಯಿಂದ ಒಳಗೆ ಬಂದು, ಎಡಗಡೆ ಬಾಗಿಲುಗಳ ಕೆಳಗಿನ ಪಟ್ಟಿಯಡಿ ಸಾಗಿ, ಗ್ಲೋವ್‌ಬಾಕ್ಸ್ ಹಿಂದೆ ಏರಿ ಸ್ಟೀರಿಯೋಗೆ. ಕ್ಯಾಮೆರಾಗೆ ಕರೆಂಟ್ ಹಿಂದಿನ ರಿವರ್ಸ್ ದೀಪದಿಂದ. ಆಂಪ್ಲಿಫೈಯರ್ ಕೂಡ ಇದ್ದರೆ ಅದರ ದಪ್ಪ ವೈರನ್ನು ಬಲಗಡೆಯಿಂದ ತನ್ನಿ. ಎರಡೂ ಅಕ್ಕಪಕ್ಕ ಹೋದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಸೇರಬಹುದು.

ಕೆಲಸ ಆದ ಮೇಲೆ ಡ್ಯಾಶ್ ಕಟಕಟ ಅನ್ನುತ್ತಿದೆ, ಯಾಕೆ?

ಮುರಿದ ಕ್ಲಿಪ್, ಇಲ್ಲವೇ ಪ್ಲಾಸ್ಟಿಕ್‌ಗೆ ಬಡಿಯುವ ಕನೆಕ್ಟರ್. ವೈರ್ ಕಟ್ಟಿಗೆ ಬಟ್ಟೆ ಟೇಪ್ ಸುತ್ತಿ, ಕನೆಕ್ಟರ್‌ಗೆ ಸ್ಪಂಜ್ ತುಂಡು ಸುತ್ತಿ ಕಟ್ಟಿ. ಕ್ಲಿಪ್ ಬಿಡಿಯಾಗಿ ಸಿಗುತ್ತದೆ, ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ. ಫೆವಿಕ್ವಿಕ್ ಹಾಕಿ ಪ್ಯಾನಲ್ ಅಂಟಿಸಬೇಡಿ, ಮುಂದೆ ಬಿಚ್ಚುವವನಿಗೆ ಒಡೆಯದೆ ದಾರಿ ಇರುವುದಿಲ್ಲ.

ರಾತ್ರಿಯೆಲ್ಲ ಕ್ಯಾಮೆರಾ ಆನ್ ಇದ್ದರೆ ಬ್ಯಾಟರಿ ಇಳಿಯುತ್ತಾ?

ಇಳಿಯುತ್ತದೆ. ಕೀ ಆಫ್ ಇದ್ದಾಗಲೂ ಕರೆಂಟ್ ಸಿಗುವ ಜಾಗದಿಂದ 200 ಮಿಲಿ ಆಂಪಿಯರ್ ಎಳೆಯುವ ಕ್ಯಾಮೆರಾ ದಿನಕ್ಕೆ 4.8 ಆಂಪಿಯರ್ ಅವರ್ ತಿನ್ನುತ್ತದೆ. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರೂವರೆ ದಿನಕ್ಕೆ ಅರ್ಧ ಖಾಲಿ. ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಕಿಟ್ ಹಾಕಿ. ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಪ್ಲಗ್ ತೆಗೆದಿಡಿ.

ಇಲಿ ಬರದಂತೆ ಡ್ಯಾಶ್ ಒಳಗೆ ಮೆಣಸಿನಪುಡಿ ಹಾಕಬಹುದಾ?

ಬೇಡ. ಬ್ಲೋವರ್ ಹಾಕಿದಾಗ ಅದು ನಿಮ್ಮ ಕಣ್ಣಿಗೇ ಬರುತ್ತದೆ, ಹಿಂದೆ ಮಕ್ಕಳೂ ಕೂತಿರುತ್ತಾರೆ. ಅಮರಗೋಳ ಎಪಿಎಂಸಿ ಕಡೆ ಕಾಳು-ಕಡಿ ಹತ್ತಿರ ಗಾಡಿ ನಿಲ್ಲಿಸುವವರಿಗೆ ಈ ಕಾಟ ನಿಜ. ಗಾಜಿನ ಕೆಳಗಿನ ಗಾಳಿ ಕಿಂಡಿಗೆ ಸಣ್ಣ ಜಾಳಿಗೆ ಹಾಕಿ, ಕಾರಿನಲ್ಲಿ ತಿಂಡಿ ಬಿಡಬೇಡಿ. ಇಲಿ ಕಡಿದ ವೈರನ್ನು ಬಣ್ಣ ನೋಡಿ ಒಂದೊಂದೇ ಜೋಡಿಸಬೇಕು. ಗುಂಪಾಗಿ ಕತ್ತರಿಸಿ ಹೊಸೆಯುವವರ ಕೈಗೆ ಕೊಡಬೇಡಿ.

ವಾರಂಟಿ ಹೋಗುತ್ತಾ? ಪೊಲೀಸರು ಹಿಡಿಯುತ್ತಾರಾ?

ಕತ್ತರಿಸದೆ ಹಾಕಿದ ಕ್ಯಾಮೆರಾ, ಸ್ಟೀರಿಯೋಗೆ ಸಾಮಾನ್ಯವಾಗಿ ತಂಟೆ ಇಲ್ಲ. ಕಂಪನಿ ವೈರ್ ಕತ್ತರಿಸಿದರೆ ವೈರಿಂಗ್ ಕಡೆಯ ವಾರಂಟಿ ಕೊಡದೆ ಇರಬಹುದು, ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಬೇರೆ ಬೇರೆ ರಾಗ ಹೊರಡಿಸುವ ಹಾರ್ನ್‌ಗೆ ಕೇಂದ್ರ ಮೋಟಾರು ವಾಹನ ನಿಯಮ 119ರಲ್ಲಿ ಅವಕಾಶ ಇಲ್ಲ. ಅದಕ್ಕೆ ನಾವು ವೈರ್ ಎಳೆಯುವುದಿಲ್ಲ.

ಮಿಸ್ತ್ರಿಗೆ ಕೊಡುವಾಗ ಏನು ಕೇಳಬೇಕು?

ನಾಚಿಕೆ ಬೇಡ, ಬಾಯಿ ಬಿಟ್ಟು ಕೇಳಿ: ‘ಅಣ್ಣಾರ, ಬ್ಯಾಟರಿ ಬಿಚ್ಚೀರೇನು? ಫ್ಯೂಸ್ ಎಲ್ಲಿ ಹಾಕ್ತೀರಿ? ಕಂಪನಿ ವೈರ್ ಕಟ್ ಮಾಡ್ತೀರೇನು?’ ಒಳ್ಳೆ ಮಿಸ್ತ್ರಿ ಸಿಟ್ಟಾಗುವುದಿಲ್ಲ, ‘ಬರ್ರಿ, ನೋಡ್ರಿ’ ಅಂತ ತೋರಿಸುತ್ತಾನೆ. ಮುಚ್ಚುವ ಮೊದಲು ಹಿಂದಿನ ವೈರಿಂಗ್‌ನ ಫೋಟೋ ತೆಗೆದುಕೊಳ್ಳಿ.

ಎಲ್ಲ ಜೋಡಿಸುವ ಮೊದಲು ಏನು ನೋಡಬೇಕು?

ಬಿಚ್ಚಿದ ಕನೆಕ್ಟರ್‌ಗಳೆಲ್ಲ ಮತ್ತೆ ಕೂತಿವೆಯಾ ಅಂತ ಮೊದಲು ನೋಡಿ. ಆಮೇಲೆ ಪ್ಯಾನಲ್ ಸುಮ್ನೆ ಜಾಗಕ್ಕೆ ಒರಗಿಸಿ, ಬ್ಯಾಟರಿ ಹಾಕಿ, ಎಲ್ಲ ಒಂದು ಸುತ್ತು ಪರೀಕ್ಷಿಸಿ. ಇಂಡಿಕೇಟರ್, ವೈಪರ್, ಬ್ಲೋವರ್‌ನ ನಾಲ್ಕೂ ಸ್ಪೀಡ್, ಎಸಿ, ಹಾರ್ನ್, ಬ್ರೇಕ್ ದೀಪ, ಹೊಸ ಸಾಮಾನು. ಕೀ ಆನ್ ಮಾಡಿದ ಕೂಡಲೇ ಏರ್‌ಬ್ಯಾಗ್ ದೀಪ ಹತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕಾರು ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಹತ್ತುವುದೇ ಇಲ್ಲ ಅಂದರೂ ಒಯ್ಯಿರಿ, ಅದೂ ದೋಷವೇ. ದೀಪ ಸರಿಯಾಗಿ ಆರಿದರೆ ಮತ್ತೆ ಮೈನಸ್ ಬಿಚ್ಚಿ, ಕಾದು, ಪ್ಯಾನಲ್ ಬಿಗಿ ಮಾಡಿ.